ಅಂಚಿಗಿಟ್ಟ ಕುಂಕುಮ

ದುರಗಮ್ಮನ ಉಂಗುರಬೆರಳು ಕಾರಿಗೆ ಅಂಟಿಕೊಂಡಾಗ ಮಧ್ಯಾಹ್ನ ಎರಡೂವರೆ. ಮೂರಕ್ಕೆ ಸುರಪುರದಿಂದ ಶಹಾಪುರದ ಬಸ್ಸು, ನಾಲ್ಕಕ್ಕೆ ಅಲ್ಲಿಯ ಮುಚ್ಚಿದ ಹತ್ತಿ ಮಿಲ್ಲಿನ ಅಂಗಳದಲ್ಲಿ ಸೊಸೆಯ ಪಂದ್ಯ. ಕಾರೆಂದರೆ ಮನುಷ್ಯರು ಕೂರುವ ಕಾರಲ್ಲ. ಮೊಳದುದ್ದದ್ದು, ರಿಮೋಟಿನಿಂದ ಓಡುವಂಥದ್ದು. ಆದರೆ ಸೊಸೆ ಸುಮಂಗಲಾಳ ಮುಂದೆ ಅದನ್ನು ಆಟಿಕೆ ಎಂದವರು ಎರಡನೇ ಸಲ ಹಾಗೆ ಅಂದಿಲ್ಲ. ತಹಶೀಲ್ ಕಚೇರಿಯಲ್ಲಿ ವಾರವಿಡೀ ತಲೆ ಬಗ್ಗಿಸಿ ಫೈಲು ಬರೆಯುವವಳು ಭಾನುವಾರ ಬಂತೆಂದರೆ ಬೇರೆಯೇ ಹೆಂಗಸಾಗುತ್ತಿದ್ದಳು.

ಶಹಾಪುರದಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟುಕೊಂಡಿರುವ ಖಾಜಾಮಿಯಾನ ಕಾರಿನೆದುರು ಅವಳು ಮೂರು ಸಲ ಸೋತಿದ್ದಳು. ಮೂರನೇ ಸಲವಂತೂ ಕಾರು ತಿರುವಿಗಿಟ್ಟ ಹಳೇ ಟೈರಿಗೆ ಗುದ್ದಿ, ತಳದ ಕಾರ್ಬನ್ ಫೈಬರ್ ಹಲಗೆಯ ಅಂಚು ಪದರು ಚಪಾತಿಯ ಹಾಗೆ ಬಿಚ್ಚಿಕೊಂಡಿತ್ತು. ನೋಡುತ್ತಿದ್ದವರೆಲ್ಲ ನಕ್ಕರು. ಆ ಸಿಟ್ಟಿನಲ್ಲಿ ಅವಳು, ಮುಂದಿನ ಸಲ ಸೋತರೆ ಅಥವಾ ಹೊತ್ತಿಗೆ ಬಾರದಿದ್ದರೆ ಈ ಕಾರು ನಿಮ್ಮದೇ ಎಂದು ನಾಲ್ಕು ಜನರೆದುರು ಹೇಳಿಬಿಟ್ಟಳು.

ಅದಕ್ಕೇ ಈ ಸಲ ಹೊಸ ಹಲಗೆ ತರಿಸಿದ್ದಳು. ಒಣದಾಗಿ ಉಜ್ಜಿದರೆ ಕರಿ ಪುಡಿ ಎದೆಗೆ ಹೋಗುತ್ತದೆಂದು, ಬೋಗುಣಿಯ ನೀರಿನಲ್ಲಿ ಮುಳುಗಿಸಿಯೇ ವಾಟರ್ ಪೇಪರಿನಿಂದ ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿದಳು. ಒಣಗಿದ ಮೇಲೆ ಕಡ್ಡಿಯ ತುದಿಯಿಂದ ನೀರಿನಂಥ ಸೂಪರ್ ಗ್ಲೂವನ್ನು ಅಂಚಿನುದ್ದಕ್ಕೂ ಹರಿಸಿದಳು. ಪದರುಗಳು ಅದನ್ನು ಹೀರಿಕೊಂಡು ಬಾಯಿ ಮುಚ್ಚಿದವು. ಕಾರು ಜೋಡಿಸಿ, ಗುದ್ದು ಬೀಳುವ ಮುಂದಿನ ಅಂಚಿಗೆ ಇನ್ನೊಂದು ಕೈ ಹಚ್ಚಿ, ಕಟ್ಟೆಯ ಮೇಲೆ ಒಣಗಲಿಟ್ಟು ಜಡೆ ಹಾಕಿಕೊಳ್ಳಲು ಒಳಗೆ ಹೋದಳು.

ದುರಗಮ್ಮ ಕಾಯುತ್ತಿದ್ದದ್ದೇ ಅದನ್ನು. ಹೊಸ ಗಾಡಿಯಾಗಲಿ, ಹೊಸ ಹಲಗೆ ಹಾಕಿದ ಗಾಡಿಯಾಗಲಿ ಕುಂಕುಮ ಕಾಣದೆ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ನಿಂಬೆಹಣ್ಣು ದೊಡ್ಡದಾಯಿತೆಂದು ನಾಲ್ಕು ಚಕ್ರಕ್ಕೆ ನಾಲ್ಕು ಪುಟ್ಟ ಬಾರಿಹಣ್ಣು ಇಟ್ಟಳು, ವಿಭೂತಿ ಎಳೆದಳು, ಉಂಗುರಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಸರಿಯಾಗಿ ಆ ಹಸಿ ಅಂಚಿನ ಮೇಲೆಯೇ ಭಕ್ತಿಯಿಂದ ಒತ್ತಿದಳು. ಬೆರಳು ವಾಪಸು ಬರಲಿಲ್ಲ.

"ಅತ್ತಿ, ಎಳಿಬ್ಯಾಡ್ರಿ. ತೊಗಲು ಕಿತ್ತು ಬರ್ತದ," ಎಂದು ಸುಮಂಗಲಾ ಅರ್ಧ ಜಡೆಯಲ್ಲೇ ಓಡಿಬಂದಳು.

"ನಾ ಎಲ್ಲಿ ಎಳ್ಯಾಕತ್ತೇನಿ? ಅದಽ ನನ್ನ ಎಳ್ಯಾಕತ್ತದ."

ಬಿಸಿನೀರಾಯಿತು, ಸಾಬೂನಾಯಿತು, ಒಳ್ಳೆಣ್ಣೆಯಾಯಿತು. ಕೈ ಎತ್ತಿದರೆ ಕಾರೂ ಎದ್ದು ಬರುತ್ತಿತ್ತು. ಹಿಂಗಽ ಹೋಗೋಣ ನಡಿ, ನಾನೂ ಕಾರಿನ ಜೋಡಿ ಓಡ್ತೀನಿ ಎಂದು ದುರಗಮ್ಮ ಧೈರ್ಯ ಹೇಳಿದಾಗ ಸುಮಂಗಲಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಅಂಟು ಬೇಗ ಬಿಡುವುದು ಉಗುರಿನ ಬಣ್ಣ ತೆಗೆಯುವ ನೀರಿಗೆ ಮಾತ್ರ. ಪಕ್ಕದ ಮನೆಯ ಮಮ್ತಾಜ ಕೊಡುತ್ತಿದ್ದಳು, ಆದರೆ ಅವಳು ಬೀಗ ಹಾಕಿಕೊಂಡು ಗೋಗಿಯ ದರ್ಗಾಕ್ಕೆ ಹೋಗಿದ್ದಳು. ಈ ಮನೆಯಲ್ಲಿ ಅಂಥ ಸೀಸೆ ಇದ್ದದ್ದು ಒಮ್ಮೆ ಮಾತ್ರ, ಮದುವೆಯಾದ ಹೊಸದರಲ್ಲಿ. ರೊಟ್ಟಿ ಬಡಿಯುವ ಕೈಗೆ ಎಂಥಾ ಬಣ್ಣ ಎಂದು ಅತ್ತೆ ಬೈದ ಮರುದಿನವೇ ಬಣ್ಣವೂ ಅದನ್ನು ತೆಗೆಯುವ ನೀರೂ ಕಾಣೆಯಾಗಿದ್ದವು. ಅದನ್ನು ಈಗ ನೆನಪಿಸಿ ಏನು ಉಪಯೋಗವೆಂದು ಸುಮಂಗಲಾ ಗಡಿಯಾರ ನೋಡಿದಳು. ಕಣ್ಣು ತುಂಬಿ ಬಂತು.

ಸೊಸೆಯ ಕಣ್ಣೀರು ನೋಡಿದ ದುರಗಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

"ನನ್ನ ಟ್ರಂಕಿನ್ಯಾಗ ನೋಡು. ಇಳಕಲ್ ಸೀರಿ ತಳಗ ಅದ."

ಎರಡೂ ಸೀಸೆ ಅಲ್ಲಿದ್ದವು. ನೀರು ಅರ್ಧವಾಗಿತ್ತು, ಕೆಂಪು ಬಣ್ಣ ತಳ ಕಂಡಿತ್ತು. ಹೆಂಗ ಖರ್ಚಾಯಿತು ಎಂದು ಕೇಳಲು ಹೊತ್ತಿರಲಿಲ್ಲ. ಹತ್ತಿಯುಂಡೆ ಅದ್ದಿ ಹಿಡಿದು, ಮೆಲ್ಲಗೆ ಹೊರಳಿಸಿ ಹೊರಳಿಸಿ ಬೆರಳು ಬಿಡಿಸಿದಳು. ಅಂಚಿನಲ್ಲಿ ಇಳಿದುಹೋಗಿದ್ದ ಕುಂಕುಮ ಒರೆಸಿದರೂ ಹೋಗಲಿಲ್ಲ. ಅದರ ಮೇಲೆಯೇ ಇನ್ನೊಂದು ಹನಿ ಅಂಟು ಎಳೆದು, ಅತ್ತೆಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಹಿಮ್ಮಡಿ ಒಡೆದಾವೆಂದು ದುರಗಮ್ಮ ಬಿಸಿಲಲ್ಲೂ ಸಾಕ್ಸ್ ಬಿಡುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲಿನ ತಗಡಿಗೆ ಒಂದು ಸಾಕ್ಸಿನ ತುದಿ ಸಿಕ್ಕಿ ಪರಕ್ಕೆಂದಿತು.

ಹತ್ತು ಸುತ್ತಿನ ಪಂದ್ಯ. ಒಂಬತ್ತರವರೆಗೂ ಖಾಜಾಮಿಯಾನೇ ಮುಂದೆ. ಕೊನೆಯ ತಿರುವಿನಲ್ಲಿ ಎರಡೂ ಕಾರುಗಳು ಒಂದೇ ಟೈರಿಗೆ ಗುದ್ದಿದವು. ಅವನ ಕಾರಿನ ಅಂಚು ಬಿಚ್ಚಿ ಚಕ್ರಕ್ಕೆ ಸಿಕ್ಕಿಕೊಂಡಿತು. ಸುಮಂಗಲಾಳದು ಒಂದು ಸಲ ಮಗುಚಿ, ತಾನೇ ನೆಟ್ಟಗಾಗಿ, ಏನೂ ಆಗಿಲ್ಲವೆಂಬಂತೆ ಗೆರೆ ದಾಟಿತು. ಅವಳು ರಿಮೋಟು ಹಿಡಿದುಕೊಂಡೇ ಕುಣಿದಳು. ದುರಗಮ್ಮ ಸೀರೆ ಎತ್ತಿ ಕಟ್ಟಿ ಅವಳಿಗಿಂತ ಜೋರಾಗಿ ಕುಣಿದಳು.

ಖಾಜಾಮಿಯಾ ಬಂದು ಗೆದ್ದ ಕಾರನ್ನು ಎತ್ತಿ, ಕಪ್ಪು ಅಂಚಿನಲ್ಲಿ ಹುದುಗಿದ್ದ ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದ. ಇದು ಎಲ್ಲಿಯ ಮಾಲು ಎಂದು ಕೇಳಿದ. ದುರಗಮ್ಮ ಅವನಿಗೆ ಬಾರಿಹಣ್ಣಿನಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳತೊಡಗಿದಳು, ಟ್ರಂಕಿನದೊಂದು ಬಿಟ್ಟು. ಸುಮಂಗಲಾ ನಗುತ್ತ ನೆಲ ನೋಡಿದಳು. ಹರಿದ ಸಾಕ್ಸಿನಿಂದ ಅತ್ತೆಯ ಕಾಲಿನ ಹೆಬ್ಬೆರಳು ಹೊರಬಂದಿತ್ತು, ಉಗುರು ಕೆಂಪಗೆ ಹೊಳೆಯುತ್ತಿತ್ತು. ಅದು ಯಾರಿಗೂ ಕಾಣದಂತೆ ಅವಳು ಅಡ್ಡ ಬಂದು ನಿಂತು, ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಅತ್ತಿ, ಉಗುರಿನ ಅಂಚಿನ್ಯಾಗ ಬಣ್ಣ ಬಿಟ್ಟದ. ಮನಿಗೆ ಹೋದ ಮ್ಯಾಲ ಇನ್ನೊಂದು ಕೈ ಹಚ್ತೀನಿ."

ದುರಗಮ್ಮ ಆಚೀಚೆ ನೋಡಿದಳು. ಆಮೇಲೆ ಸಾಕ್ಸು ಹರಿಯದ ಇನ್ನೊಂದು ಕಾಲನ್ನೂ ಮೆಲ್ಲಗೆ ಮುಂದೆ ಮಾಡಿದಳು.