ಎಂಟು ಗೆರೆಯ ಅಕ್ಷರ

ಗಂಡನ ಉಸಿರು ನಿಂತಿತು. ಕಮಲಾಕ್ಷಮ್ಮ ಗಾಬರಿಯಾಗಲಿಲ್ಲ, ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟೆ ನಿಲ್ಲಿಸಿ, ಒಂದು ಎಂದು ಎಣಿಸಿದಳು. ಉಸಿರು ಬಂತು, ಮತ್ತೆ ನಿಂತಿತು. ಎರಡು. ಹೀಗೆ ಎಂಟು ಸಲ ನಿಂತು, ಕೊನೆಗೆ ಚಂದ್ರಶೇಖರ್ ಉಸ್ಸಪ್ಪಾ ಎಂದ ಮೇಲೆ ರಾಟೆ ಮತ್ತೆ ತಿರುಗಿತು. ಗೆರೆಗೊಂದು ಉಸಿರು ಹಿಡಿಯುತ್ತಾನೆ ಮಹಾರಾಯ, ಎಂಟು ಗೆರೆಗೆ ಒಂದು ಅಕ್ಷರ. ಆರು ತಿಂಗಳಿಂದ ಅದೊಂದೇ ಅಕ್ಷರ.

ಮೊಳಕಾಲ್ಮೂರಿನ ಅರ್ಧದಷ್ಟು ಮಗ್ಗಗಳ ಸೀರೆ ಸೆರಗಿಗೆ ನಕ್ಷೆ ಬರೆದ ಕೈ ಅದು. ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬಿ ನವಿಲು, ಗಿಳಿ ಎಬ್ಬಿಸುತ್ತಿತ್ತು. ಆ ಕೆಲಸ ಕಂಪ್ಯೂಟರಿನ ಪಾಲಾದ ಮೇಲೆ ಚಂದ್ರಶೇಖರ್ ಉಳಿದ ಹಾಳೆಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಒಂದು ದಿನ ಮೊಬೈಲಿನಲ್ಲಿ ಚೀನಾದ ಯಾರೋ ಮುದುಕ ಅವರೆಕಾಳಿನಷ್ಟು ಅಕ್ಷರಗಳನ್ನು ಕುಂಚದಲ್ಲಿ ಬರೆಯುವುದನ್ನು ನೋಡಿದ. ಅದರ ಹುಚ್ಚು ಹಿಡಿಯಿತು. ಅದೇ ಹೊತ್ತಿಗೆ ಕಮಲಾಕ್ಷಮ್ಮನ ಕಣ್ಣಿನ ನರ ಒಣಗತೊಡಗಿತ್ತು. ಹೋದ ದೃಷ್ಟಿ ವಾಪಸು ಬಾರದೆಂದು ಚಳ್ಳಕೆರೆಯ ಡಾಕ್ಟರು ಹೇಳಿ ಕಳಿಸಿದ್ದರು. ಈಗ ಬಾಗಿಲು ಬೆಳ್ಳಗೆ, ಗಂಡ ಕಪ್ಪಗೆ, ಅಷ್ಟೇ ಕಾಣುತ್ತಿತ್ತು. ರೇಷ್ಮೆ ನೂಲನ್ನು ಬೆರಳೇ ನೋಡಿಕೊಳ್ಳುತ್ತಿತ್ತು.

“ಏನ್ರಿ, ನವಿಲು ಬರೆದ್ರಿ, ಗಿಳಿ ಬರೆದ್ರಿ, ಎಲ್ಲಾ ನೋಡ್ದೆ. ನನ್ನ ಕಣ್ಣು ಹೋಗೋ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಕಾಣದ ಅಕ್ಷರ ಬೇಕಾತಾ ನಿಮಗೆ?” ತಮಾಷೆಗೆ ಹೊರಟ ಮಾತು ಮುಗಿಯುವಾಗ ತಮಾಷೆಯಾಗಿ ಉಳಿದಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗಿತ್ತು, ಅದೂ ಒಂದು ಅಕ್ಷರದ ಮೇಲೆ.

“ಸಾವಿರದೆಂಟುನೂರು ವರ್ಷದ ಬರವಣಿಗೆ ಕಣೇ ಇದು. ಅಚ್ಚು ಬರೋಕ್ ಮುಂಚೆ ಅಲ್ಲಿ ಪುಸ್ತಕ ಎಲ್ಲಾ ಹಿಂಗೇ ಬರೀತಿದ್ರಂತೆ. ಕುಂಚ ಕಂಬದಂಗೆ ನೆಟ್ಟಗಿರ್ಬೇಕು. ಎಷ್ಟೇ ಸಣ್ಣದಾದ್ರೂ ಅಕ್ಷರದೊಳಗೆ ಗಾಳಿ ಆಡ್ಬೇಕು. ಅದೇ ಬರ್ತಾ ಇಲ್ಲ ನಂಗೆ.”

“ಗಾಳಿ ಆಮೇಲೆ ಆಡ್ಲಿ. ನಂಗೆ ಒಂದ್ಸಲ ತೋರಿಸ್ರಿ.”

“ಹೆಂಗೆ ತೋರಿಸ್ಲೇ?”

ಅವಳು ರಾಟೆ ಸರಿಸಿ ಅಂಗೈ ಚಾಚಿದಳು. ಚಂದ್ರಶೇಖರ್ ಬೇರೆ ಕುಂಚ ತೆಗೆದು, ಮಸಿಯ ಬದಲು ಬರೀ ನೀರಲ್ಲಿ ಅದ್ದಿದ. “ಮೊದಲು ದೊಡ್ಡದು. ಕಲಿಯೋದೇ ಹಂಗೆ,” ಎಂದ. ತಣ್ಣನೆಯ ಗೆರೆಯೊಂದು ಅಂಗೈಯಲ್ಲಿ ಇಳಿಯಿತು. ಬೀದಿಯ ಮಗ್ಗಗಳ ಸದ್ದು ದೂರ ದೂರ ಹೋಯಿತು. ನಾಲ್ಕು ಗೆರೆಗೆ ಕಿಟಕಿಯಂಥದ್ದೊಂದು ಮೂಡಿತು.

“ಇದು ಸೂರ್ಯ,” ಎಂದ. ಪಕ್ಕದಲ್ಲೇ ಇನ್ನು ನಾಲ್ಕು ಗೆರೆ. “ಇದು ಚಂದ್ರ.”

“ಎರಡೂ ಸೇರಿದ್ರೆ?”

“ಬೆಳಕು.”

ಆರು ತಿಂಗಳಿಂದ ಹಗಲೆಲ್ಲ ಬೆನ್ನು ಬಗ್ಗಿಸಿ ಈ ಮನುಷ್ಯ ಬರೆಯುತ್ತಿದ್ದದ್ದು ಇದನ್ನೇ. ತಾನು ಎಣಿಸುತ್ತಿದ್ದದ್ದೂ ಇದನ್ನೇ. ಕಮಲಾಕ್ಷಮ್ಮನಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು.

ನೀರು ಆರಿತು. ಅವನು ಮತ್ತೆ ಬರೆದ, ನಾಣ್ಯದಷ್ಟು. ಮತ್ತೆ, ಹುಣಸೆಬೀಜದಷ್ಟು. ಪ್ರತಿ ಸಲವೂ ಅಂಗೈಯಲ್ಲಿ ಎಲ್ಲೋ ಒಂದು ಕಡೆ ಬೆಳಗಾದಂತೆ ಅನ್ನಿಸುತ್ತಿತ್ತು. ಕೊನೆಗೆ, ನೂಲನ್ನು ನೋಡಿಕೊಳ್ಳುವ ಆ ತೋರುಬೆರಳ ತುದಿಯ ಮೇಲೆ, ಕೂದಲಷ್ಟು ಸಣ್ಣ ಗೆರೆಗಳಲ್ಲಿ ಬರೆದ. ಈ ಸಲ ಇಬ್ಬರೂ ಉಸಿರು ಹಿಡಿದಿದ್ದರು.

“ತಿಳೀತಾ?” ಎಂದು ಅಳುಕುತ್ತ ಕೇಳಿದ.

ಎಂಟು ಗೆರೆಯೂ ಅವಳಿಗೆ ನಿಚ್ಚಳವಾಗಿ ತಿಳಿದಿತ್ತು. ಒಳಗೆ ಗಾಳಿ ಆಡುವ ಜಾಗವೂ.

“ಊಹೂಂ, ಗಾಳಿ ಆಡ್ತಿಲ್ಲ,” ಎಂದು ಕಮಲಾಕ್ಷಮ್ಮ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಮುಂದೆ ಹಿಡಿದಳು. “ಇನ್ನೊಂದ್ಸಲ ಬರೀರಿ.”