ಮಡಚಿದ ಬೆರಳು

“ನಿಮಗೆ ಈ ಸಂಬಂಧ ಒಪ್ಪಿಗೆ ಉಂಟಾ?” ಪಡುಬಿದ್ರಿಯಿಂದ ಹೆಣ್ಣು ನೋಡಲು ಬಂದಿದ್ದ ಸಫ್ರಾಝ್ ಕೇಳಿಯೇಬಿಟ್ಟ. ಶಮ್ನಾ ಒಂದು ಬೆರಳು ಮಡಚಿದಳು. ಉತ್ತರ ಬಾಕಿಯಿರುವ ಪ್ರಶ್ನೆಗೊಂದು ಬೆರಳು ಮಡಚುವುದು ಅವಳ ಅಭ್ಯಾಸ. “ಮದುವೆಯಾದ ಮೇಲೂ ಮಣಿಪಾಲದಲ್ಲಿ ನನ್ನ ಸಂಶೋಧನೆ ಮುಂದುವರಿಸಬಹುದಾ?” ಎಂದು ಕೇಳಿ ಇನ್ನೊಂದನ್ನೂ ಮಡಚಿದಳು.

“ಸಂಶೋಧನೆ ಎಂತದರ ಮೇಲೆ?”

ಮೂರನೆಯದೂ ಮಡಚಿಕೊಂಡಿತು. “ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಇಬ್ಬರ ನಡುವಿನ ಪ್ರಶ್ನೋತ್ತರದ ಆಟ ಅಂತ ಗಣಿತದಲ್ಲಿ ತೋರಿಸುವುದು. ಕೊನೆಗೆ ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಬರಬೇಕು, ಅದು ನಿಯಮ,” ಎನ್ನುತ್ತಾ ಆ ಬೆರಳನ್ನು ಬಿಡಿಸಿದಳು.

ಸಫ್ರಾಝ್ ನಕ್ಕ. “ಹಾಗಾದರೆ ಈಗ ನನ್ನ ಸರದಿ ಅಲ್ವಾ? ಖಂಡಿತ ಮುಂದುವರಿಸಿ.” ಇನ್ನೊಂದು ಬೆರಳು ತಾನಾಗಿ ಬಿಚ್ಚಿಕೊಂಡಿತು. ಪರದೆಯ ಹಿಂದೆ ಕಿವಿಗೊಟ್ಟು ನಿಂತಿದ್ದ ಅವಳ ತಾಯಿ, ಉಮ್ಮನ ಬಳೆಗಳು ಸುಮ್ಮನಾದವು. ಅವನು ಅವಳ ಕೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: “ಒಂದು ಬೆರಳು ಇನ್ನೂ ಬಾಕಿ ಉಂಟು.”

ಶಮ್ನಾ ನಗು ತಡೆಯಲಾರದೆ ಅದನ್ನೂ ಬಿಡಿಸಿದಳು.