ಗಂಟಲು ಹಿಡಿಯುತ್ತಿದ್ದ ಸಾಲು

ತೀರಿಕೊಂಡ ಡ್ರೈವರ್ ಗೆಳೆಯನ ತಿಥಿಗೆ ಬಂದಿದ್ದ ಕಂಡಕ್ಟರ್, ಅವನ ಮೆಚ್ಚಿನ ಹಾಡನ್ನು ನಡುಮನೆಯಲ್ಲಿ ಕೂತು ಹಾಡುತ್ತಿದ್ದ. ಪಲ್ಲವಿ ಮುಗಿಯುವಷ್ಟರಲ್ಲಿ ಡ್ರೈವರನ ಹೆಂಡತಿ ಅಡುಗೆಮನೆಯಿಂದ ಒಂದು ಲೋಟ ನೀರು ಹಿಡಿದು ಬಂದು ನಿಂತಿದ್ದಳು.

"ಯಾರಿಗಮ್ಮಾ ನೀರು?" ಎಂದಳು ಮಗಳು ಮೆಲ್ಲಗೆ.

ಅಮ್ಮ ಕೈಯಲ್ಲಿದ್ದ ಲೋಟ ನೋಡಿಕೊಂಡಳು. ದಿನವಿಡೀ ಬಸ್ಸು ಓಡಿಸಿ ಬಂದರೂ ಗಂಡ ಸಂಜೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಈ ಹಾಡು ಹಾಡದೆ ಊಟಕ್ಕೆ ಏಳುತ್ತಿರಲಿಲ್ಲ. ಪಲ್ಲವಿಯ ಮುಂದಿನ ಸಾಲಿಗೆ ಅವನ ದನಿ ಏರುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಆಸಾಮಿಯೇ ಅವನು? ಸುಮ್ಮನೆ ಕೆಮ್ಮಿ, "ಲೇ, ನೀರು ತಾರೇ, ಗಂಟಲು ಹಿಡೀತು" ಅನ್ನುತ್ತಿದ್ದ. "ಗಂಟಲಲ್ಲ, ನಿಮ್ಮ ಗಾಡಿಗೆ ದಿಣ್ಣೆ ಹತ್ತೋಕಾಗಲ್ಲ" ಎಂದು ಬೈಯುತ್ತಲೇ ಇವಳು ಲೋಟ ಕೊಡುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹಾಡು ಅಲ್ಲಿಗೆ ಮುಗಿಯುತ್ತಿತ್ತು.

ಕಂಡಕ್ಟರ್ ಕೆಮ್ಮಲಿಲ್ಲ. ಆ ಸಾಲನ್ನು ಸಲೀಸಾಗಿ ಎತ್ತಿ, ಮುಂದಿನದಕ್ಕೂ ಹೋದ. ಇಷ್ಟು ವರ್ಷ ಆ ಮನೆ ಕೇಳಿರದ ಸಾಲುಗಳು ಒಂದೊಂದಾಗಿ ಬಂದವು. ಬಂದಿದ್ದ ನೆಂಟರೆಲ್ಲ ತಲೆದೂಗಿದರು. ಅವಳು ದಡಕ್ಕನೆ ಮುಂದೆ ಬಂದಳು; ಲೋಟದ ನೀರು ಸೀರೆಯ ಮೇಲೆಲ್ಲ ಚೆಲ್ಲಿತು.

"ನಿಲ್ಲಿಸಣ್ಣಾ!" ಎಂದು ಸಿಡಿದಳು. "ನೀನು ಚೆನ್ನಾಗೇ ಹಾಡ್ತೀಯ, ಯಾರು ಇಲ್ಲ ಅಂದ್ರು? ನಮ್ಮನೇಲಿ ಈ ಹಾಡು ಇಷ್ಟುದ್ದ ಇರಲಿಲ್ಲ."